ನಾಲ್ಕನೆಯ ಕಲ್ಲಿನ ದನಿ

ಬೆಳಗ್ಗೆ ಅಂಗಳಕ್ಕೆ ನೀರು ಚಿಮುಕಿಸಲು ತಂಬಿಗೆ ಹಿಡಿದು ಬಂದ ಸುಂದರಬಾಯಿ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಹಾದಿಯಿಂದ ಬೇವಿನ ಮರದವರೆಗೆ, ಬೂದು ಬಣ್ಣದ ಫರಸಿಕಲ್ಲುಗಳ ಮೇಲೆ, ಸಾಲಾಗಿ ಹನಿಗಳು ಬಿದ್ದಿದ್ದವು. ದಪ್ಪ ಹನಿ. ಕಪ್ಪು ಬಣ್ಣ, ಅಂಚಿನಲ್ಲಿ ಕೆಂಪಿನ ಛಾಯೆ. ಮರದ ಹತ್ತಿರ ಹೋದಂತೆಲ್ಲ ಹನಿ ಒತ್ತೊತ್ತಾಗಿದ್ದವು.

ಶಹಾಬಾದಿನ ಖಣಿ ಓಣಿಯಲ್ಲಿ ಹುಟ್ಟಿದವರಿಗೆ ನೆಲದ ಮೇಲೆ ಇಂಥ ಸಾಲು ಕಂಡರೆ ಬೇರೆ ವಿಚಾರ ಬರುವುದಿಲ್ಲ. ಕಲ್ಲಿನ ಕೆಳಗೆ ಸಿಕ್ಕವರನ್ನು ಹೊತ್ತು ತರುವಾಗ ಇದೇ ಸಾಲು ಮನೆಯ ಬಾಗಿಲವರೆಗೆ ಬರುತ್ತದೆ. ಕೈಯ ತಂಬಿಗೆ ವಾಲಿ ನೀರು ಅವಳ ಪಾದದ ಮೇಲೆಯೇ ಚೆಲ್ಲಿತು.

ಹನಿಗಳ ಬೆನ್ನು ಹತ್ತಿ ಹೋದಳು. ಸಾಲು ಅಮೀರ್ ಅಲಿ ಸಾಹೇಬರ ಅಂಬಾಸಿಡರ್ ಕಾರಿನ ಕೆಳಗೆ ಮುಗಿದಿತ್ತು. ಅಲ್ಲಿಂದ ಎರಡು ಕಾಲು ಹೊರಗೆ ಚಾಚಿದ್ದವು. ಬಲಗಾಲಿನ ಹೆಬ್ಬೆರಳ ಉಗುರು ಕಪ್ಪು. ಆ ಉಗುರು ಯಾರದು ಅಂತ ಅವಳಿಗೆ ಗೊತ್ತು. ಹೋದ ವರ್ಷ ಜಾಕಿ ಬಿದ್ದು ಕಪ್ಪಾದದ್ದು. ಬಿದ್ದ ದಿನ ಅವಳೇ ಅರಿಷಿಣ ತಂದುಕೊಟ್ಟಿದ್ದಳು.

"ಏನ್ರಿ... ಏನಾಗೇದ್ರಿ? ರಕ್ತ..."

ಕಾಲುಗಳು ಅಲ್ಲಾಡಿದವು. ಕೆಳಗಿನಿಂದ ದನಿ ಬಂತು.

"ರಕ್ತ ಅಲ್ಲ, ಗೇರ್ ಆಯಿಲ್. ಮೂಸಿ ನೋಡು. ನನ್ನ ರಕ್ತ ಇಷ್ಟು ಹೊಲಸು ನಾರತದೇನು?"

ಜೀವ ಬಂದಂತಾಗಿ ಸುಂದರಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಿಟ್ಟೂ ಬಂತು.

"ನಿಮ್ಮ ರಕ್ತ ನಾ ಯಾವಾಗ ಮೂಸಿ ನೋಡೀನಿ? ಮುಂಜಾಲೆದ್ದು ಮಂದಿ ಎದಿ ಒಡಸ್ತೀರಿ."

"ಒಡೀತೇನು?" ಶಿವರಾಯ ಹೊರಗೆ ಜಾರಿ ಬಂದು, ಮಲಗಿದಲ್ಲಿಂದಲೇ ಅವಳನ್ನು ನೋಡಿದ. ಹಣೆಯ ಮೇಲೆ ಎಣ್ಣೆಯ ಗೆರೆ, ಅದರ ಕೆಳಗೆ ನಗುವ ಎರಡು ಕಣ್ಣು. "ಒಡದಿದ್ರ ಹೇಳು. ಅದನ್ನೂ ರಿಪೇರಿ ಮಾಡ್ತೀನಿ."

ಅವಳು ಕಣ್ಣು ಕೆಳಗೆ ಹಾಕಿದಳು. ಎರಡು ವರ್ಷದಿಂದ ಅವನು ನೋಡಿದಾಗಲೆಲ್ಲ ಅವಳು ಮಾಡುತ್ತಾ ಬಂದದ್ದು ಅದನ್ನೇ.

ಶಿವರಾಯ ಹಿಂದಿನ ಓಣಿಯವನು, ಅಮೀರ್ ಅಲಿಯವರ ಟ್ಯಾಕ್ಸಿ ಓಡಿಸುತ್ತಿದ್ದ. ಆ ಓಣಿಯಲ್ಲಿ ಎತ್ತಿನ ಬಂಡಿಯೇ ತಿರುಗದು, ಇನ್ನು ಕಾರೆಲ್ಲಿ? ಹೀಗಾಗಿ ಕಾರು ನಿಲ್ಲುತ್ತಿದ್ದದ್ದು ಸುಂದರಬಾಯಿಯ ತಂದೆ ಗೊಲ್ಲಾಳಪ್ಪನ ಅಂಗಳದ ಬೇವಿನ ನೆರಳಿನಲ್ಲಿ. ಬೆಳಗ್ಗೆ ಬಂದು ಕಾರು ಒರೆಸುವ ಹತ್ತು ನಿಮಿಷದಲ್ಲಿ, ಕನ್ನಡಿ ಒರೆಸುವುದಕ್ಕೇ ಏಳು ನಿಮಿಷ ಹಿಡಿಯುತ್ತಿತ್ತು. ಕನ್ನಡಿಯಲ್ಲಿ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು.

"ಆಯಿಲ್ ಸೀಲ್ ಹರದು ಹೋಗೇದ," ಎಂದ ಅವನು ಎದ್ದು ಕೂರುತ್ತ. "ಗೇರ್‌ಬಾಕ್ಸಿನ ಹಿಂದಿನ ಬಾಯಾಗ ಒಂದು ರಬ್ಬರ್ ಬಳಿ ಇರತದ ನೋಡು, ಅದು. ಹಿಂಗೇ ಸೋರಿದ್ರ ಸೇಡಂ ದಾಟೂದ್ರಾಗ ಒಳಗ ಒಣಗಿ, ಗೇರಿನ ಹಲ್ಲು ಮುರೀತಾವ. ಹೊಸಾದು ಗುಲ್ಬರ್ಗಾದಿಂದ ತಂದಿಟ್ಟೀನಿ. ಇವತ್ತು ಹಾಕೇಬಿಡ್ತೀನಿ."

ಸೇಡಂ ಅಂದಕೂಡಲೆ ಸುಂದರಬಾಯಿ ಮುಖ ತಿರುಗಿಸಿದಳು.

ನಾಳೆ ಈ ಕಾರು ಸೇಡಂ ದಾಟಿ ಆಡಕಿಗೆ ಹೋಗಬೇಕಿತ್ತು. ಅಲ್ಲಿಂದ ಸುಂದರಬಾಯಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹೊಲಮನೆ ಇದ್ದವರು. ಬಸ್ಸಿನಲ್ಲಿ ಬರುವುದಿಲ್ಲ, ಮೋಟಾರು ಕಳಿಸ್ರಿ ಅಂದಿದ್ದರು. ಊರಲ್ಲಿ ಗೊಲ್ಲಾಳಪ್ಪನಿಗೆ ಗೊತ್ತಿದ್ದ ಮೋಟಾರು ಇದೊಂದೇ, ಡ್ರೈವರು ಇವನೊಬ್ಬನೇ.

"ಹಂಗಾರ..." ಸುಂದರಬಾಯಿ ತಂಬಿಗೆಯ ಕಂಠವನ್ನು ಉಗುರಿನಿಂದ ಕೆರೆದಳು. "ಇವತ್ತೇ ರಿಪೇರಿ ಆಗಬೇಕಂತ ಏನದ? ಗಾಡಿ ಕೆಟ್ಟದ ಅಂದ್ರ ಆಯ್ತಲ್ಲ."

ಶಿವರಾಯ ನಗಲಿಲ್ಲ. "ಕೊಟ್ಟ ಮಾತು ನಿಮ್ಮಪ್ಪಂದು. ನಾ ಸುಳ್ಳ ಹೇಳಿ ಗಾಡಿ ನಿಲ್ಲಿಸಿದ್ರ ಮರ್ಯಾದಿ ಹೋಗೂದು ಅವರದು. ಹಂಗ ಕದ್ದು ಪಡೆಯೋದು ನನಗ ಬ್ಯಾಡ."

ಏನನ್ನು ಪಡೆಯುವುದು ಅಂತ ಅವನು ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಹನಿಗಳ ಮೇಲೆ ಸುರಿದು ಒಳಗೆ ಓಡಿದಳು. ಎಣ್ಣೆ ನೀರಿಗೆ ಹೋಗುತ್ತದೆಯೇ? ಇನ್ನೂ ಹರಡಿಕೊಂಡಿತು.

ಅವಳ ಎದೆಯಲ್ಲಿದ್ದದ್ದು ಒಂದೇ ಹೆದರಿಕೆಯಲ್ಲ. ಇನ್ನೊಂದಿತ್ತು, ಯಾರಿಗೂ ಹೇಳಲಾರದ್ದು.

ಗೊಲ್ಲಾಳಪ್ಪ ಖಣಿಯಲ್ಲಿ ಕಲ್ಲು ಬಾರಿಸಿ ನೋಡುವವನು. ಎಬ್ಬಿಸಿದ ಹಾಸುಗಲ್ಲನ್ನು ಚಿಕ್ಕ ಸುತ್ತಿಗೆಯಿಂದ ಬಡಿದು, ದನಿ ಕೇಳಿ, ಒಳ್ಳೆಯದಕ್ಕೆ ಸುಣ್ಣದ ಗುರುತು ಹಾಕುವುದು ಅವನ ಕೆಲಸ. ಗಟ್ಟಿ ಕಲ್ಲು ಠಣ್ ಅನ್ನುತ್ತದೆ, ಒಳಗೆ ಸೀಳಿದ್ದರೆ ಥಪ್. ಕಣ್ಣಿಗೆ ಎರಡೂ ಒಂದೇ. ಒಳಸೀಳಿನ ಕಲ್ಲು ಯಾರದಾದರೂ ಮಾಳಿಗೆಗೆ ಹೋದರೆ ಒಂದಲ್ಲ ಒಂದು ದಿನ ಮಲಗಿದವರ ಮೇಲೆ ಬೀಳುತ್ತದೆ. ಇಪ್ಪತ್ತೆರಡು ವರ್ಷ ಗೊಲ್ಲಾಳಪ್ಪನ ಗುರುತು ತಪ್ಪಿರಲಿಲ್ಲ.

ಆದರೆ ಅಷ್ಟೇ ವರ್ಷ ಅವನ ಪಕ್ಕದಲ್ಲೇ ಮದ್ದಿಟ್ಟು ಬಂಡೆ ಸಿಡಿಸಿದ್ದರು. ಕಿವಿಯೂ ಕಲ್ಲಿನಂಥದೇ, ಒಳಗಿಂದೊಳಗೇ ಸೀಳುತ್ತದೆ. ಹೋದ ಮಳೆಗಾಲದಲ್ಲಿ ಬುತ್ತಿ ಕೊಡಲು ಹೋದ ಸುಂದರಬಾಯಿ, ಥಪ್ ಅಂದ ಕಲ್ಲಿಗೆ ಅಪ್ಪ ಸುಣ್ಣ ಹಾಕಿದ್ದನ್ನು ಕಂಡಳು. ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಮೆಲ್ಲಗೆ ರೆಪ್ಪೆ ಕೆಳಗಿಳಿಸಿದಳು. ಗೊಲ್ಲಾಳಪ್ಪ ಸುಣ್ಣ ಒರೆಸಿದ. ತಂದೆ ಮಗಳ ನಡುವೆ ಅದರ ಬಗ್ಗೆ ಒಂದು ಮಾತೂ ಆಗಲಿಲ್ಲ. ಅಂದಿನಿಂದ ದಿನಾ ಅವಳು ಬುತ್ತಿ ತಂದಾಗಲೇ ಅವನು ಬಾರಿಸುವುದು, ಅವಳು ಕೇಳುವುದು. ನೆಟ್ಟಗೆ ನೋಡಿದರೆ ಕಲ್ಲು ಸೈ, ರೆಪ್ಪೆ ಇಳಿಸಿದರೆ ಕೆಟ್ಟದ್ದು.

ಮದುವೆಯಾಗಿ ತಾನು ಆಡಕಿಗೆ ಹೋದರೆ ಅಪ್ಪನಿಗೆ ಕಿವಿ ಯಾರು? ಅವನು ಕಿವುಡ ಅಂತ ಖಣಿಯ ಮೇಲ್ವಿಚಾರಕ ಮುಕಾದಮನಿಗೆ ತಿಳಿದರೆ ಆ ಕೆಲಸ ಯಾರಿಗೆ? ತಿಳಿಯದೇ ಹೋದರೆ ಯಾರ ಮಾಳಿಗೆ ಯಾರ ಮೇಲೆ? ರಾತ್ರಿಯೆಲ್ಲ ಇದೇ ವಿಚಾರ ಮಾಡಿ ಮಾಡಿ ಅವಳ ಕಣ್ಣಿನ ಕೆಳಗೆ ಕಪ್ಪು ಕೂತಿತ್ತು. ತಾಯಿ ಭೀಮಮ್ಮ ಅದಕ್ಕೆ ಬೆಣ್ಣೆ ಹಚ್ಚು ಅನ್ನುತ್ತಿದ್ದಳು.

ಮಧ್ಯಾಹ್ನ ಗೊಲ್ಲಾಳಪ್ಪ ರಜೆ ಹಾಕಿ ಬಂದ. ಶಿವರಾಯ ಕಾರಿನ ಹಿಂದಿನ ಭಾಗ ಎತ್ತಲು ಪಡಿಪಾಟಲು ಪಡುತ್ತಿದ್ದ.

"ಜಾಕಿ ಮುದುಕಾಗೇದ್ರಿ ಕಾಕಾ," ಎಂದ ಗಟ್ಟಿಯಾಗಿ. "ಎತ್ತತದ, ಆಮ್ಯಾಲ ತಾನೇ ಮೆಲ್ಲಕ ಕುಂದ್ರತದ. ಅದರ ಮ್ಯಾಲ ನಂಬಿಕಿ ಇಟ್ಟು ಕೆಳಗ ಹೋಗಾಕ ಬರಲ್ಲ. ಸ್ಟೇಷನ್‌ದಾಗ ಹಳಿ ಕೆಳಗ ಹಾಕೂ ಹಳೆ ಸ್ಲೀಪರ್ ಕಟ್ಟಿಗಿ ಕೇಳಿ ತರ್ತೀನಿ."

"ಕಟ್ಟಿಗಿ ಯಾಕೋ?" ಗೊಲ್ಲಾಳಪ್ಪನಿಗೆ ಅವಮಾನವಾದಂತಾಯಿತು. "ಶಹಾಬಾದಿನ್ಯಾಗ ನಿಂತು ಕಟ್ಟಿಗಿ ಕೇಳ್ತಿ? ನಮ್ಮ ಗ್ವಾಡಿ ಕಲ್ಲು, ಮಾಳಿಗಿ ಕಲ್ಲು, ನೀರಿನ ತೊಟ್ಟಿ ಕಲ್ಲು. ಇಡೀ ಊರು ಹೊತ್ತಿದ್ದು ಒಂದು ಮೋಟಾರ್ ಹೊರಲ್ಲೇನು? ತಡಿ."

ಗೋಡೆಗೆ ಆನಿಸಿಟ್ಟಿದ್ದ ಚೌಕ ಫರಸಿಗಳನ್ನು ಒಂದೊಂದೇ ನೆಲಕ್ಕೆ ಹಾಕಿದ. ಸೊಂಟದ ಸುತ್ತಿಗೆ ತೆಗೆದ. ತಲೆಯೆತ್ತಿ ಬಾಗಿಲಿನ ಕಡೆ ನೋಡಿದ. ಸುಂದರಬಾಯಿ ಬಂದು ಚೌಕಟ್ಟಿಗೆ ಒರಗಿ ನಿಂತಳು.

ಠಣ್. ಅಪ್ಪ ನೋಡಿದ. ಅವಳು ನೆಟ್ಟಗೆ ನೋಡಿದಳು. ಸೈ.

ಎರಡನೆಯದು. ಸೈ. ಮೂರನೆಯದು. ಸೈ.

ಅಪ್ಪನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮೊದಲಿನಿಂದಲೂ ಅವಳನ್ನೇ ನೋಡುತ್ತಿದ್ದ ಶಿವರಾಯನ ನೋಟ ಆಗ ಬದಲಾಯಿತು. ಯಾವತ್ತಿನ ತುಂಟ ನೋಟವಲ್ಲ ಅದು. ಇನ್ನೊಂದು ಸಲ ಹೀಗೆ ನೋಡಲು ಸಿಗುತ್ತದೋ ಇಲ್ಲವೋ ಅನ್ನುವಂಥದ್ದು. ಸುಂದರಬಾಯಿಗೆ ರೆಪ್ಪೆ ಇಳಿಸಬೇಕು ಅನ್ನಿಸಿತು. ಆಮೇಲೆ, ನಾಳೆ ಆಡಕಿಯವರ ಮುಂದೆ ಹ್ಯಾಗೂ ತಲೆ ತಗ್ಗಿಸುವುದೇ ಅದ, ಇವತ್ತೊಂದು ದಿನ ಯಾಕೆ ತಗ್ಗಿಸಲಿ ಅನ್ನಿಸಿತು. ಎರಡು ವರ್ಷದಲ್ಲಿ ಮೊದಲ ಸಲ ಅವನ ಕಣ್ಣಿಗೆ ಕಣ್ಣು ಕೊಟ್ಟು ನೋಡಿದಳು. ಅವನ ಎಡ ಹುಬ್ಬಿನ ನಡುವೆ ಸಣ್ಣದೊಂದು ಗಾಯದ ಕಲೆ ಇತ್ತು. ಕಣ್ಣಿನ ಬಣ್ಣ ಕಪ್ಪಲ್ಲ, ಬೆಲ್ಲದ ಪಾಕದ್ದು. ಇದೆಲ್ಲ ಇಷ್ಟು ದಿನ ಗೊತ್ತೇ ಇರಲಿಲ್ಲವಲ್ಲ!

ಸುತ್ತಿಗೆ ಬೀಳುತ್ತಲೇ ಇತ್ತು. ನಾಲ್ಕು, ಐದು, ಆರು. ಗೊಲ್ಲಾಳಪ್ಪ ಪ್ರತಿ ಸಲ ನೋಡಿದ. ಮಗಳು ನೆಟ್ಟಗೆ ನೋಡುತ್ತಿದ್ದಳು. ಆರಕ್ಕೂ ಸುಣ್ಣ ಬಿತ್ತು.

ಒಳಗೆ ಭೀಮಮ್ಮ ಒಲೆಯ ಮೇಲೆ ಹಂಚಿಟ್ಟಿದ್ದಳು.

"ಎಲ್ಲಿ ನೋಡಾಕತ್ತೀದಿ? ಹಿಟ್ಟು ಮಿದಿ ಬಾ. ನಾಳಿ ಬರೋವ್ರು ರೊಟ್ಟಿ ಬಡಿಯೋದು ನೋಡ್ತಾರಂತ. ಆ ಹುಡುಗನ ಅಕ್ಕ ಭಾಳ ಕಟಕಿ ಮಾತಿನಾಕಿ ಅಂತ ಕೇಳೀನಿ."

ಸುಂದರಬಾಯಿ ಜೋಳದ ಹಿಟ್ಟು ಮಿದ್ದಳು. ಉಂಡೆ ಕಟ್ಟಿ ಕಲ್ಲಿನ ಮೇಲಿಟ್ಟು ಬಡಿಯತೊಡಗಿದಳು. ಹೊರಗೆ ಜಾಕಿ ಕಿರಗುಟ್ಟಿತು, ಕಾರು ಎದ್ದಿತು, ಹಿಂದಿನ ಎರಡೂ ಬದಿಗೆ ಮೂರು ಮೂರು ಕಲ್ಲು ಸೇರಿದವು. "ಹಾಂ ಕಾಕಾ, ನಿಂತದ!" ಅಂದ ದನಿ. ಆಮೇಲೆ ಸ್ಪ್ಯಾನರಿನ ಸದ್ದು. ಹಿಂದಿನ ಗಾಲಿಗೆ ಹೋಗುವ ಉದ್ದನೆಯ ಶಾಫ್ಟು ಬಿಚ್ಚುತ್ತಿದ್ದಾನೆ ಅಂತ ತಿಳಿಯಿತು. ಅದು ಹೊರಬಂದ ಮೇಲೆ ಹಳೆ ಸೀಲು ಕಿತ್ತು ಹೊಸದು ಕೂರಿಸಬೇಕು. ಅಂದರೆ ಇನ್ನು ತಾಸೊಪ್ಪತ್ತು ಅವನು ಕಾರಿನ ಕೆಳಗೇ.

ಒಂದು ರೊಟ್ಟಿ ಹಂಚಿಗೆ ಬಿತ್ತು. ಎರಡನೆಯದು. ಬುಟ್ಟಿ ತುಂಬುತ್ತ ಬಂದಾಗ ಒಂದಕ್ಕೆ ನೀರು ಹೆಚ್ಚಾಗಿತ್ತೋ ಏನೋ, ಅಂಗೈ ಬಿದ್ದಲ್ಲಿ ಮೆತ್ತನೆಯ ಸದ್ದಾಯಿತು.

ಥಪ್.

ಅವಳ ಕೈ ನಿಂತಿತು.

ಮತ್ತೆ ಬಡಿದಳು. ಥಪ್. ಈ ಸದ್ದನ್ನು ಇವತ್ತು ಎಲ್ಲಿ ಕೇಳಿದ್ದೇನೆ? ಕಣ್ಣು ಬೇರೆ ಕಡೆ ಇದ್ದರೂ ಕಿವಿ ತನ್ನ ಕೆಲಸ ಮಾಡಿರುತ್ತದೆ, ಕೇಳಿದ್ದನ್ನು ಎಲ್ಲೋ ಮೂಲೆಯಲ್ಲಿ ಇಟ್ಟುಕೊಂಡಿರುತ್ತದೆ. ಠಣ್, ಠಣ್, ಠಣ್. ಆಮೇಲೆ ಬೆಲ್ಲದ ಬಣ್ಣದ ಕಣ್ಣು. ಆಮೇಲೆ...

ನಾಲ್ಕನೆಯ ಕಲ್ಲು.

"ಎವ್ವಾ!" ಅಂದವಳೇ ಹಿಟ್ಟಿನ ಕೈಯಲ್ಲೇ ಓಡಿದಳು.

ಬೇವಿನ ಕೆಳಗೆ ಗೊಲ್ಲಾಳಪ್ಪ ಬೆನ್ನು ಮಾಡಿ ಬೀಡಿ ಹಚ್ಚುತ್ತಿದ್ದ. ಕಾರಿನ ಕೆಳಗಿನಿಂದ ಎರಡು ಕಾಲು, ಒಂದು ಕಪ್ಪು ಉಗುರು.

"ಹೊರಗ ಬರ್ರಿ! ಜಲ್ದಿ ಹೊರಗ ಬರ್ರಿ!"

"ಎರಡು ನಿಮಿಷ ತಡಿ, ಸೀಲ್ ಕುಂದ್ರಾಕತ್ತದ," ಎಂದಿತು ದನಿ, ಹಲ್ಲಿನಲ್ಲಿ ಏನೋ ಕಚ್ಚಿಕೊಂಡಂತೆ. "ಈಗ ಕೈ ಬಿಟ್ರ ಮತ್ತ ಮೊದಲಿಂದ..."

ಆಗ ಅವಳಿಗೆ ಕೇಳಿಸಿತು. ಮಡಕೆಯ ಬಾಯಿಗೆ ಕೂದಲೆಳೆ ಸೀಳು ಬಿಡುವಾಗಿನಂಥ ಸದ್ದು. ಚಿರ್. ಓಣಿಯಲ್ಲಿ ಆ ಸದ್ದು ಕೇಳಬಲ್ಲವರು ಇಬ್ಬರೇ ಇದ್ದರು, ಅವರಲ್ಲೊಬ್ಬ ಈಗ ಕಿವಿ ಕಳೆದುಕೊಂಡು, ಬೆನ್ನು ಮಾಡಿ ಬೀಡಿ ಸೇದುತ್ತಿದ್ದ.

ಸುಂದರಬಾಯಿ ಕೆಳಗೆ ಕೂತು ಎರಡೂ ಪಾದ ಹಿಡಿದು, ಇದ್ದಬದ್ದ ಶಕ್ತಿಯಿಂದ ಎಳೆದಳು.

ಅಷ್ಟೆತ್ತರದ ಗಂಡಸನ್ನು ಅವಳು ಎಳೆಯುವುದೆಂದರೇನು! ಆದರೆ ಶಾಫ್ಟು ಬಿಚ್ಚಿದಾಗ ಗೇರ್‌ಬಾಕ್ಸಿನ ಎಣ್ಣೆ ಅವನ ಬೆನ್ನಿನ ಕೆಳಗೆಲ್ಲ ಹರಿದಿತ್ತು. ನುಣುಪು ಫರಸಿ, ಅದರ ಮೇಲೆ ಎಣ್ಣೆ. ಶಿವರಾಯ ಮೀನಿನಂತೆ ಜಾರಿ ಬಂದ. ಅವಳು ಅವನ ಕಾಲುಗಳ ಸಮೇತ ಹಿಂದಕ್ಕೆ ಬಿದ್ದಳು.

ಅವನ ತಲೆ ಬಿಸಿಲಿಗೆ ಬಂದದ್ದೂ, ಎಡಬದಿಯ ಕಲ್ಲು ಎರಡು ಹೋಳಾದದ್ದೂ ಒಂದೇ ಉಸಿರಿನಲ್ಲಿ. ಕಾರು ಮಂಡಿಯೂರಿದ ಎತ್ತಿನಂತೆ ಕುಸಿಯಿತು. ಅವನ ಎದೆ ಇದ್ದ ಜಾಗದಲ್ಲಿ ಈಗ ಕಬ್ಬಿಣವಿತ್ತು. ಸ್ಪ್ಯಾನರೊಂದು ಅದರಡಿ ಸಿಕ್ಕು ಬಾಗಿತ್ತು.

ಬೇವಿನ ಕಾಗೆಗಳು ಎದ್ದು ಕೂಗಿದವು. ನೆಲ ನಡುಗಿದಾಗ ಗೊಲ್ಲಾಳಪ್ಪ ತಿರುಗಿದ. ಬಾಯಲ್ಲಿನ ಬೀಡಿ ಕೆಳಗೆ ಬಿತ್ತು.

ಶಿವರಾಯ ಮೊಣಕೈ ಊರಿ ಆ ಬಾಗಿದ ಸ್ಪ್ಯಾನರು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ.

"ಕಾಲು ಬಿಡು ಈಗ. ನೋಡಿದವ್ರು ಏನಂದಾರು."

ಅವಳು ಬಿಡಲಿಲ್ಲ. ಹಿಟ್ಟು, ಎಣ್ಣೆ, ಕಣ್ಣೀರು ಎಲ್ಲ ಅವನ ಪಾದಕ್ಕೆ ಮೆತ್ತಿಕೊಂಡವು.

ಗೊಲ್ಲಾಳಪ್ಪ ಒಡೆದ ಕಲ್ಲಿನ ಮುಂದೆ ಕೂತ. ಸೀಳಿನ ಮೇಲೆ ಬೆರಳಾಡಿಸಿದ. ಅದರ ಮೇಲೆ ತನ್ನದೇ ಸುಣ್ಣದ ಗುರುತು.

"ತಪ್ಪು ನಂದು, ತಮ್ಮಾ," ಎಂದ. "ನನ್ನ ಕಿವಿ ಹೋಗಿ ಭಾಳ ದಿನ ಆಯ್ತು. ಮಗಳ ಕಣ್ಣು ನೋಡಿ ಗುರುತು ಹಾಕ್ತೀನಿ. ಯಾರಿಗೂ ಹೇಳಿಲ್ಲ."

"ನನಗ ಗೊತ್ತದ ಕಾಕಾ." ಶಿವರಾಯ ಎದ್ದು ಅವನ ಮುಂದೆ ಬಂದು, ತುಟಿ ಕಾಣುವಂತೆ ಕೂತು ಹೇಳಿದ. "ಆರು ತಿಂಗಳಿಂದ ನಿಮ್ಮ ಹಿಂದ ಹಾರ್ನ್ ಹೊಡೀತೀನಿ, ನೀವು ಸರಿಯೋದಿಲ್ಲ. ಖಣಿ ಕಡಿಂದ ಹಾಯೂವಾಗ ಇಬ್ಬರನೂ ನೋಡೀನಿ. ಈಕಿ ಕಣ್ಣಿನ ಲೆಕ್ಕ ನನಗೂ ಬರತದ. ಅದಕ್ಕೇ ಇವತ್ತು ಕಲ್ಲು ಬಾರಸೂ ಮುಂದ ಈಕಿನ್ನೇ ನೋಡ್ಕೋತ ಕುಂತಿದ್ದೆ. ಈಕಿ ಕಣ್ಣು ಕೆಳಗ ಹಾಕಲಿಲ್ಲ. ಸೈ ಅದ ಅಂತ ಧೈರ್ಯ ಮಾಡಿ ಹೋದೆ."

ಸುಂದರಬಾಯಿಗೆ ಭೂಮಿ ಬಾಯಿ ಬಿಟ್ಟಂತಾಯಿತು. ಅವನು ನೋಡಿದ್ದು ಕಲ್ಲಿನ ಸಲುವಾಗಿಯೇ? ಬರೀ ಕಲ್ಲಿನ ಸಲುವಾಗಿಯೇ? ತನ್ನ ಒಂದು ನೋಟಕ್ಕೆ ಅವನ ಜೀವ ಹೋಗುತ್ತಿತ್ತಲ್ಲ!

"ನಾ ಕಲ್ಲಿನ ಕಡಿ ಲಕ್ಷ್ಯ ಕೊಟ್ಟಿರಲಿಲ್ಲ," ಎಂದಳು, ಕೇಳಿಸಿಯೂ ಕೇಳಿಸದಂಥ ದನಿಯಲ್ಲಿ.

ಬಾಗಿಲಲ್ಲಿ ಬಂದು ನಿಂತಿದ್ದ ಭೀಮಮ್ಮ ಸೊಂಟಕ್ಕೆ ಕೈ ಕೊಟ್ಟಳು. "ಕಲ್ಲು ನೋಡಲಿಲ್ಲ ಅಂದ್ರ ಮತ್ತೇನು ನೋಡಿದಿ?"

"ಇವರನ್ನ."

ಬೇವಿನ ಎಲೆಯೊಂದು ಕಾರಿನ ಮೇಲೆ ಬಿತ್ತು. ಶಿವರಾಯನ ಕಿವಿ ಕೆಂಪಗಾದವು.

"ಏನಂದ್ಳು?" ಗೊಲ್ಲಾಳಪ್ಪ ಹೆಂಡತಿಯ ಮುಖ ನೋಡಿದ. "ಏನಂದ್ಳು ಈಕಿ?"

"ಹುಡುಗನ್ನ ನೋಡಾಕತ್ತಿದ್ಳಂತ!"

"ಹಾಂ? ಯಾವ ಹುಡುಗ? ಆಡಕಿಯಾಂವೇನು?"

"ಈ ಹುಡುಗನ್ನ! ಶಿವರಾಯನ್ನ!" ಭೀಮಮ್ಮ ಗಂಡನ ಕಿವಿಗೆ ಬಾಯಿ ಹಚ್ಚಿ ಕೂಗಿದಳು. "ಮನಸಿನ್ಯಾಗ ಇಟ್ಕೊಂಡಾಳಂತ!"

ಅತ್ತ ಗೋಡೆಯಾಚೆ ನೆರೆಯ ಬಿಬಿಜಾನಳ ಮನೆಯ ಕಿಟಕಿ ತೆರೆದುಕೊಂಡಿತು. ಎದುರಿನ ಬಾವಿಕಟ್ಟೆಯ ಮೇಲೆ ಕೊಡಗಳ ಸದ್ದು ನಿಂತಿತು. ಯಾರಿಗೂ ಕೇಳಿಸಬಾರದೆಂದು ಎರಡು ವರ್ಷ ಕಾಪಾಡಿದ್ದು ಅರ್ಧ ನಿಮಿಷದಲ್ಲಿ ಇಡೀ ಓಣಿಗೆ ಕೇಳಿಸಿತ್ತು.

"ಇದನ್ನ ಇಷ್ಟು ಒದರಿ ಹೇಳೂದೇನದ?" ಎಂದ ಗೊಲ್ಲಾಳಪ್ಪ.

ಆಮೇಲೆ ಅವನು ಒಡೆದ ಕಲ್ಲಿನ ಮೇಲಿನ ಸುಣ್ಣದ ಗುರುತನ್ನು ಅಂಗೈಯಿಂದ ಒರೆಸಿಹಾಕಿದ. ಅಪ್ಪ ಎದ್ದು, ಸೊಂಟದ ಸುತ್ತಿಗೆ ತೆಗೆದು ಕಿಟಕಿಯ ಕಲ್ಲಿನ ಮೇಲಿಟ್ಟ.

"ಇದನ್ನ ನಾಡದ್ದು ಮುಕಾದಮ್‌ಗ ನಾನೇ ಕೊಟ್ಟು ಬರ್ತೀನಿ. ನಮ್ಮ ಅಂಗಳದಾಗ ಆಗಿದ್ದು ಯಾರರೇ ಮಾಳಿಗ್ಯಾಗ ಆಗಬಾರದು. ಕಲ್ಲು ಹೊತ್ತಾದ್ರೂ ಹೊಟ್ಟಿ ತುಂಬಕೋತೀನಿ." ಶಿವರಾಯನ ಕಡೆ ತಿರುಗಿದ. "ಸ್ಲೀಪರ್ ಕಟ್ಟಿಗಿ ತಗೊಂಡು ಬಾ. ಗಾಡಿ ರಿಪೇರಿ ಆಗಲೇಬೇಕು. ಆಡಕಿಗೆ ಹೋಗಬೇಕು."

ಸುಂದರಬಾಯಿ ಅಪ್ಪನ ಮುಂದೆ ಬಂದು ನಿಂತಳು. "ಎಪ್ಪಾ..."

"ಕರಕೊಂಡು ಬರಾಕಲ್ಲ ತಾಯಿ," ಎಂದ ಅವನು, ಅವಳ ತುಟಿ ಓದಿದವನಂತೆ. "ಬರಬ್ಯಾಡ್ರಿ ಅಂತ ಹೇಳಾಕ. ಮಾತು ಕೊಟ್ಟವ ನಾನು. ತಪ್ಪಾಯ್ತು ಅನ್ನಾಕೂ ನಾನೇ ಹೋಗಬೇಕಲ್ಲ?"

ಸಂಜೆಗೆ ಕಟ್ಟಿಗೆ ಬಂತು, ಕಾರು ಎದ್ದಿತು, ಹೊಸ ಸೀಲು ಕೂತಿತು. ಸುಂದರಬಾಯಿ ಅಷ್ಟು ಹೊತ್ತೂ ಅಲ್ಲೇ ಶಿವರಾಯನ ಕಾಲ ಬುಡದಲ್ಲಿ ಕೂತಿದ್ದಳು. ಒಳಗೆ ಬಾ ಅಂತ ಭೀಮಮ್ಮ ಕರೆಯಲಿಲ್ಲ.

ಮರುದಿನ ಬೆಳಗ್ಗೆ ಅವಳು ತಂಬಿಗೆ ಹಿಡಿದು ಬಂದಾಗ ಶಿವರಾಯ ಕಾರಿನ ಕನ್ನಡಿ ಒರೆಸುತ್ತಿದ್ದ. ಅವಳು ಬಗ್ಗಿ ಕಾರಿನ ಕೆಳಗೆ ನೋಡಿದಳು. ಕಲ್ಲಿನ ಮೇಲೆ ಹೊಸದೊಂದು ಹನಿಯೂ ಇರಲಿಲ್ಲ. ಗೊಲ್ಲಾಳಪ್ಪ ಒಳಗೆ ರುಮಾಲು ಸುತ್ತಿಕೊಳ್ಳುತ್ತಿದ್ದ.

"ನಿನ್ನೆ ನೀವು ನೋಡಿದ್ದು," ಎಂದಳು ಕಾರಿನ ಗಾಲಿಗೆ ಹೇಳುವಂತೆ, "ಬರೀ ಕಲ್ಲಿನ ಸಲುವಾಗಿ ಏನು?"

"ಮೂರನೇ ಕಲ್ಲಿನ ತನಕ."

ಅವಳು ಕಷ್ಟಪಟ್ಟು ನಗು ತಡೆದಳು. ಅವನು ಒರೆಸುವ ಬಟ್ಟೆ ಬದಿಗಿಟ್ಟು ಅವಳ ಮುಂದೆ ಬಂದು ನಿಂತ. ಬೆರಳು ಮಡಚಿ ತನ್ನ ಎದೆಯ ಮೇಲೆ ತಾನೇ ಬಾರಿಸಿದ, ಗೊಲ್ಲಾಳಪ್ಪ ಕಲ್ಲಿಗೆ ಬಾರಿಸುವ ಹಾಗೆಯೇ, ಒಂದೇ ಸಲ.

"ಹೇಳು. ಹ್ಯಾಂಗದ?"

ನಾಚಿಕೆಯಿಂದ ರೆಪ್ಪೆಗಳು ಭಾರವಾದವು. ಆದರೆ ಇಳಿಸಿದರೆ ಏನರ್ಥ ಅಂತ ಇಬ್ಬರಿಗೂ ಗೊತ್ತಿತ್ತು. ಮುಂದೆ ಏನು ಕಾದಿದೆಯೋ, ಅಪ್ಪನ ಕೆಲಸ ಏನಾಗುವುದೋ, ಆಡಕಿಯವರು ಏನನ್ನುವರೋ, ಒಂದೂ ಅವಳಿಗೆ ತಿಳಿಯದು. ಬೇವಿನ ಎಲೆಗಳ ನಡುವಿನ ಬಿಸಿಲು ನೇರ ಕಣ್ಣಿಗೆ ಬಿದ್ದು ನೀರು ತುಂಬಿತು.

ಆದರೂ ಸುಂದರಬಾಯಿ ಅವನನ್ನು ನೆಟ್ಟಗೆ ನೋಡಿದಳು. ಅಪ್ಪ ಹೊರಬಂದು ಕಾರಿನಲ್ಲಿ ಕೂತು, ಬಾಗಿಲು ಹಾಕಿ, "ಯಾಕೋ, ಹೋಗೂದಿಲ್ಲೇನು?" ಅಂತ ಕೇಳುವವರೆಗೂ ನೋಡುತ್ತಲೇ ನಿಂತಳು.